ಗಡಿಬಿಡಿಯ ಅಕ್ಷರ

ನನ್ನ ತಮ್ಮನನ್ನು ಊರೆಲ್ಲ ಗಡಿಬಿಡಿ ಎಂದು ಕರೆಯುತ್ತದೆ. ಇಟ್ಟ ಹೆಸರು ಬೇರೆ ಇದೆ, ಆದರೆ ಶಾಲೆಯ ಹಾಜರಿ ಪುಸ್ತಕ ಬಿಟ್ಟರೆ ಅದನ್ನು ಬಳಸಿದವರಿಲ್ಲ. ಹುಟ್ಟುವಾಗಲೇ ಒಂದು ತಿಂಗಳು ಮುಂಚೆ ಬಂದ, ಸೂಲಗಿತ್ತಿ ಇನ್ನೂ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಳಂತೆ. ಅಂದಿನಿಂದ ಮೊನ್ನೆಮೊನ್ನೆಯವರೆಗೆ ಅವನು ಯಾವ ಕೆಲಸವನ್ನೂ ಯೋಚಿಸಿ ಶುರು ಮಾಡಿದ್ದನ್ನು ನಾನು ಕಂಡಿರಲಿಲ್ಲ. ಅಂಗಿಯ ಗುಂಡಿಯನ್ನು ಒಂದು ತೂತು ತಪ್ಪಿಸಿ ಹಾಕಿಕೊಂಡು ಬೀದಿಗೆ ಹೋಗುತ್ತಿದ್ದ. ಬಿಸಿ ಚಹಾ ಕುಡಿದು ನಾಲಿಗೆ ಸುಟ್ಟುಕೊಳ್ಳುತ್ತಿದ್ದ, ಮರುದಿನ ಅದೇ ಲೋಟದಲ್ಲಿ ಮತ್ತೆ ಸುಟ್ಟುಕೊಳ್ಳುತ್ತಿದ್ದ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆಯನ್ನು ನಮ್ಮ ಅಪ್ಪ ಅವನ ಮುಖ ನೋಡಿಕೊಂಡೇ ಹೇಳುತ್ತಿದ್ದರು. ಹಾಗೆ ಹೇಳಿದವರೇ ಕೊನೆಗೆ ಅವನ ಕೈಗೆ ಕುಂಚ ಕೊಟ್ಟರು.

ಅಪ್ಪ ಬೋರ್ಡು ಬರೆಯುವವರು. ಮನೆಗೆ ಅಂಟಿಕೊಂಡ ತಗಡಿನ ಶೆಡ್ಡೇ ಅವರ ಕಾರ್ಖಾನೆ. ಗೋಡೆಗೆ ಒರಗಿಸಿದ ಹಲಗೆಗಳು, ಟರ್ಪೆಂಟೈನ್ ವಾಸನೆ, ಮುಚ್ಚಳ ಅಂಟಿಹೋದ ಬಣ್ಣದ ಡಬ್ಬಗಳು, ಹಳೆ ಬನಿಯನ್ ಹರಿದು ಮಾಡಿದ ಒರೆಸುವ ಬಟ್ಟೆಗಳು. ಅವರದು ಒಂದೇ ಮಾತು: ಮೊದಲು ಎಣಿಸು, ಆಮೇಲೆ ಬರಿ. ಹಲಗೆಯ ಅಗಲ ಅಳೆಯಬೇಕು, ಅಕ್ಷರ ಎಷ್ಟೆಂದು ಎಣಿಸಬೇಕು, ಎರಡು ಪದಗಳ ನಡುವಿನ ಜಾಗವನ್ನು ಅರ್ಧ ಅಕ್ಷರವೆಂದು ಹಿಡಿಯಬೇಕು, ನಟ್ಟನಡುವೆ ಬರುವ ಅಕ್ಷರ ಯಾವುದೆಂದು ಕಂಡುಕೊಂಡು ಅಲ್ಲಿಂದ ಎರಡೂ ಕಡೆಗೆ ಹೋಗಬೇಕು. ಸೀಮೆಸುಣ್ಣದ ಪುಡಿ ಹಚ್ಚಿದ ದಾರವನ್ನು ಬಿಗಿಯಾಗಿ ಎಳೆದು ಮಿಡಿದರೆ ಹಲಗೆಯ ಮೇಲೆ ಬಿಳಿ ಗೆರೆ ಮೂಡುತ್ತದೆ. ಮೇಲೊಂದು ಗೆರೆ, ಕೆಳಗೊಂದು ಗೆರೆ, ಅವುಗಳ ನಡುವೆ ಪೆನ್ಸಿಲ್, ಪೆನ್ಸಿಲ್ ಗುರುತಿನ ಒಳಗೆ ಬಣ್ಣ. ಇಷ್ಟನ್ನೂ ನಾನು ಹನ್ನೆರಡನೆಯ ವಯಸ್ಸಿಗೆ ಕಲಿತಿದ್ದೆ. ನಾನು ಬರೆದ ಸಾಲಿನ ಮೇಲೆ ಅಡಿಪಟ್ಟಿ ಇಟ್ಟರೆ ಒಂದು ತಲೆಕಟ್ಟೂ ಮೇಲಕ್ಕೆ ಇಣುಕುತ್ತಿರಲಿಲ್ಲ.

ಆದರೆ ಹುಡುಗಿ ಏಣಿ ಹತ್ತಿದರೆ ನೋಡಿದವರು ಏನೆನ್ನುತ್ತಾರೆ ಎಂದು ಅಪ್ಪನಿಗೆ ಚಿಂತೆ. ಹಾಗಾಗಿ ಮನೆ ನಂಬರಿನ ಫಲಕ, ಮೇಜಿನ ಮೇಲಿಡುವ ಹೆಸರಿನ ಪಟ್ಟಿ, ಇಂಥ ಸಣ್ಣಪುಟ್ಟವು ನನ್ನ ಪಾಲಿಗೆ ಬಂದವು. ಅಂಗಡಿ, ಗೋಡೆ, ಲಾರಿಗಳೆಲ್ಲ ಅವನ ಪಾಲು. ನನಗೆ ಮದುವೆಯೂ ಆಯಿತು, ಮೂರನೇ ವರ್ಷಕ್ಕೆ ವಾಪಸೂ ಬಂದೆ. ಗಂಡ ಸುಳ್ಳುಗಾರ, ಅದನ್ನು ಅವನ ಅಣ್ಣತಮ್ಮಂದಿರ ಎದುರೇ ಹೇಳಿದೆ, ಅಷ್ಟೇ ಕಥೆ. ಬಂದು ನೋಡಿದರೆ ಅಪ್ಪನ ಕಣ್ಣು ಮಂಜಾಗಿತ್ತು, ಶೆಡ್ಡು ಪೂರ್ತಿ ಗಡಿಬಿಡಿಯ ಕೈಗೆ ಹೋಗಿತ್ತು.

ಅವನು ಬರೆಯುವ ರೀತಿಯನ್ನು ಹೇಳುತ್ತೇನೆ. ಅಳತೆ ಇಲ್ಲ, ದಾರ ಇಲ್ಲ, ಎಣಿಕೆ ಇಲ್ಲ. ಹಲಗೆಯ ಎಡತುದಿಗೆ ನಿಂತು, ಬಾಯಲ್ಲಿ ಏನೋ ಗುನುಗುತ್ತ, ಮೊದಲ ಅಕ್ಷರವನ್ನು ಕುಂಬಳಕಾಯಿಯಷ್ಟು ದಪ್ಪ ಬರೆಯುತ್ತಿದ್ದ. ಎರಡನೆಯದು ಅದಕ್ಕಿಂತ ಸ್ವಲ್ಪ ಚಿಕ್ಕದು. ನಡುವೆ ಎಲ್ಲೋ ಜಾಗ ಸಾಲದು ಎಂಬ ಜ್ಞಾನೋದಯವಾಗುತ್ತಿತ್ತು. ಅಲ್ಲಿಂದ ಮುಂದಿನ ಅಕ್ಷರಗಳು ತೆಳ್ಳಗಾಗಿ, ಬಾಗಿ, ಒಂದರ ಹೆಗಲ ಮೇಲೊಂದು ಹತ್ತಿ, ಕೊನೆಯದು ಹಲಗೆಯ ಮೂಲೆಯಲ್ಲಿ ಮುದುರಿ ಕೂರುತ್ತಿತ್ತು. ಒಬ್ಬ ಹಲ್ಲಿನ ಡಾಕ್ಟರ ಬೋರ್ಡಿನಲ್ಲಿ ಕಡೆಯ ಅಕ್ಷರಕ್ಕೆ ಜಾಗವೇ ಉಳಿಯದೆ ಅದನ್ನು ಹಲಗೆಯ ದಪ್ಪದ ಮೇಲೆ, ಪಕ್ಕಕ್ಕೆ ತಿರುಗಿಸಿ ಬರೆದಿದ್ದ. ಕೇಳಿದರೆ, "ಹಲಗೆ ಚಿಕ್ಕದಾಯ್ತು ಅಕ್ಕಾ," ಎಂದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಇದಕ್ಕಿಂತ ನನಗೆ ಅಸಹ್ಯವಾಗುತ್ತಿದ್ದದ್ದು ಗಿರಾಕಿಗಳು. ಅವರಿಗೆ ಕಣ್ಣೇ ಇರಲಿಲ್ಲ. ಗಡಿಬಿಡಿ ಹೋದಲ್ಲೆಲ್ಲ ನಗುತ್ತ ಮಾತಾಡುತ್ತಿದ್ದ, ಮಕ್ಕಳ ಆಟದ ಗಾಡಿಗೂ ಬಿಟ್ಟಿಯಾಗಿ ಬಣ್ಣ ಹೊಡೆದು ಕೊಡುತ್ತಿದ್ದ, ಅದಕ್ಕೇ ಅವರು ಸೊಟ್ಟ ಬೋರ್ಡನ್ನೂ ನಕ್ಕು ತೂಗುಹಾಕಿಕೊಳ್ಳುತ್ತಿದ್ದರು. ನಾನು ಹಲ್ಲು ಕಚ್ಚಿ ಬರೆದ ನಂಬರು ಫಲಕವನ್ನು ನೋಡಿ ಯಾರೂ ಒಂದು ಮಾತು ಆಡಿದ್ದಿಲ್ಲ. ನೇರವಾಗಿರುವುದನ್ನು ಜನ ಗಮನಿಸುವುದಿಲ್ಲ. ಹನ್ನೊಂದು ವರ್ಷ ನಾನು ಇದನ್ನು ನೋಡಿದೆ, ದಿನವೂ ಒಂದಿಷ್ಟು ಬೈದೆ, ಅವನು ದಿನವೂ ಒಂದಿಷ್ಟು ನಕ್ಕ.

ಒಂದು ಸೋಮವಾರ ಬೀಗ ರಿಪೇರಿಯವನು ಬೋರ್ಡು ಒಯ್ಯಲು ಬಂದ. ಗಡಿಬಿಡಿ ಅವನಿಗೆ ಅಂದೇ ಕೊಡುತ್ತೇನೆಂದು ಮಾತು ಕೊಟ್ಟಿದ್ದ. ಹಲಗೆಗೆ ಹಳದಿ ಬಣ್ಣ ಬಳಿದಿತ್ತು, ಅಕ್ಷರ ಒಂದೂ ಇರಲಿಲ್ಲ. ಗಡಿಬಿಡಿ ಯಾರದೋ ಹೊಸ ಬೈಕು ನೋಡಲೆಂದು ಬೆಳಿಗ್ಗೆಯೇ ಪಕ್ಕದ ಊರಿಗೆ ಹೋಗಿದ್ದ. "ಮಧ್ಯಾಹ್ನ ಬನ್ನಿ," ಎಂದು ನಾನು ಬೀಗದವನನ್ನು ಕಳಿಸಿದೆ, ಒಳಗೆ ಬಂದು ಕುಂಚ ತೆಗೆದುಕೊಂಡೆ. ನನ್ನ ಮೈಯೆಲ್ಲ ಉರಿಯುತ್ತಿತ್ತು.

ನೆಟ್ಟಗೆ ಬರೆದುಕೊಡಬಹುದಿತ್ತು. ಬರೆಯಲಿಲ್ಲ. ಅವನನ್ನು ಅಣಕಿಸಿ ಬರೆದೆ. ಅವನ ಒಂದೊಂದು ತಪ್ಪನ್ನೂ ಹುಡುಕಿ ಎರಡರಷ್ಟು ಮಾಡಿದೆ. ಮೊದಲ ಅಕ್ಷರಕ್ಕೆ ಹೊಟ್ಟೆ ಬರಿಸಿದೆ. ತಲೆಕಟ್ಟುಗಳನ್ನು ಗಾಳಿಗೆ ಹಾರುವ ಟೊಪ್ಪಿಯ ಹಾಗೆ ವಾರೆ ಮಾಡಿದೆ. ಒತ್ತಕ್ಷರಗಳನ್ನು ಕೆಳಗೆ ಜೋತುಬಿಟ್ಟೆ. ಕಡೆಯ ಮೂರು ಅಕ್ಷರಗಳನ್ನು ಒಂದರೊಳಗೊಂದು ತುರುಕಿದೆ. ಅವನ ಕುಂಚದಿಂದ ಯಾವಾಗಲೂ ಬೀಳುವ ಆ ಒಂದು ಹನಿಯನ್ನೂ ಬಿಡಲಿಲ್ಲ, ಬೇಕೆಂದೇ ತೊಟ್ಟಿಕ್ಕಿಸಿದೆ. ಬೀಗದವನು ಇದನ್ನು ನೋಡಿ ಸಂಜೆ ಗಡಿಬಿಡಿಯ ಮುಖದ ಮೇಲೆ ಎಸೆಯಬೇಕು, ಆ ಹೊತ್ತಿಗೆ ನಾನು ಅಲ್ಲೇ ನಿಂತಿರಬೇಕು, ಇಷ್ಟೇ ನನ್ನ ಆಸೆ.

ಬೀಗದವನು ಬಂದ, ನೋಡಿದ, ಹೊಟ್ಟೆ ಹಿಡಿದುಕೊಂಡು ನಕ್ಕ. "ಸಕತ್ತಾಗಿದೆ ಕಣಮ್ಮ," ಎಂದು ಸೈಕಲ್ಲಿಗೆ ಕಟ್ಟಿಕೊಂಡು ಹೋದ. ಸಂಜೆ ಗಡಿಬಿಡಿ ಆ ಅಂಗಡಿಯ ಮುಂದಿನಿಂದಲೇ ಬಂದ. ಶೆಡ್ಡಿನ ಬಾಗಿಲಲ್ಲಿ ನಿಂತು, "ಅಕ್ಕಾ, ಬೋರ್ಡು ನೀನು ಬರೆದ್ಯಾ?" ಎಂದು ಕೇಳಿದ. ಹೂಂ ಎಂದೆ. ಅವನು ತಲೆ ತಗ್ಗಿಸಿ ಒಳಗೆ ಹೋದ, ಅವತ್ತು ಗುನುಗಲಿಲ್ಲ. ನಾಚಿಕೆಯಾಯಿತು ಇವನಿಗೆ, ಒಳ್ಳೆಯದಾಯಿತು ಎಂದುಕೊಂಡೆ.

ಮೂರು ತಿಂಗಳಾಗಿರಬೇಕು. ಮನೆಯ ಬೀಗದ ಕೈ ಕಳೆದುಕೊಂಡ ಒಬ್ಬಳು ಕನ್ನಡಕದ ಹುಡುಗಿ ಆ ಅಂಗಡಿಗೆ ಬಂದವಳು, ಬೀಗ ಮರೆತು ಬೋರ್ಡನ್ನೇ ನೋಡುತ್ತ ನಿಂತಳಂತೆ. ಕಂಪ್ಯೂಟರಿನಲ್ಲಿ ಬಳಸುವ ಅಕ್ಷರಗಳನ್ನು, ಅವರು ಫಾಂಟು ಎನ್ನುವುದನ್ನು, ತಯಾರಿಸುವ ಕಂಪನಿಯವಳು. ಬೀಗದವನಿಂದ ವಿಳಾಸ ಕೇಳಿ ನಮ್ಮ ಶೆಡ್ಡಿಗೆ ಬಂದಳು. ನಾನು ಒಂದು ವಕೀಲರ ಫಲಕ ಬರೆಯುತ್ತಿದ್ದೆ, ಕಪ್ಪಿನ ಮೇಲೆ ಬಿಳಿ, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಅದರ ಮೇಲೆ ಅವಳ ಕಣ್ಣು ಒಂದು ಗಳಿಗೆಯೂ ನಿಲ್ಲಲಿಲ್ಲ.

"ಬೀಗದ ಅಂಗಡಿ ಬೋರ್ಡು ಬರೆದವರು ಯಾರು?" ಎಂದಳು.

ಗಡಿಬಿಡಿ ನನ್ನ ಕಡೆ ನೋಡಿದ. "ಅದು ನಾನಲ್ಲ, ನಮ್ಮ ಅಕ್ಕ..." ಎಂದು ಶುರು ಮಾಡಿದ.

"ಇವನದೇ," ಎಂದೆ ನಾನು. "ನನ್ನ ಕೈಯಲ್ಲಿ ಅಂಥ ಅಕ್ಷರ ಬರುತ್ತಾ? ಇದು ನೋಡಿ ನನ್ನದು."

ಅವಳು ವಕೀಲರ ಫಲಕ ನೋಡಿ, "ನೀಟಾಗಿದೆ," ಎಂದಳು. ನೀಟಾಗಿದೆ ಎಂದರೆ ಏನೆಂದು ನನಗೆ ಗೊತ್ತು. ಹೆಣ್ಣು ನೋಡಲು ಬಂದವರು ಹುಡುಗಿ ಒಪ್ಪಿಗೆಯಾಗದಿದ್ದರೆ ಮನೆ ಚೆನ್ನಾಗಿದೆ ಎನ್ನುತ್ತಾರಲ್ಲ, ಹಾಗೆ. ಆದರೂ ಆ ಬೋರ್ಡು ನನ್ನದು ಎಂದು ಹೇಳಲು ಬಾಯಿ ಬರಲಿಲ್ಲ. ಕಳ್ಳತನ ಮಾಡಿ ಸಿಕ್ಕಿಬಿದ್ದಿದ್ದರೂ ಒಪ್ಪಿಕೊಳ್ಳುತ್ತಿದ್ದೆ, ಅಂಥ ಅಕ್ಷರ ಬರೆದವಳು ಎನ್ನಿಸಿಕೊಳ್ಳಲು ಒಪ್ಪಲಿಲ್ಲ. ಅಪ್ಪನ ಮಗಳು ನಾನು, ನನ್ನ ಕೈಗೆ ಒಂದು ಮಾನವಿದೆ ಎಂದುಕೊಂಡೆ. ಅದು ಜಂಬವಾಗಿತ್ತು, ಬೇರೇನೂ ಅಲ್ಲ.

ಹುಡುಗಿ ದೊಡ್ಡ ದೊಡ್ಡ ಹಾಳೆಗಳನ್ನು ಕೊಟ್ಟು, ಎಲ್ಲ ಅಕ್ಷರಗಳನ್ನೂ, ಎಲ್ಲ ಒತ್ತುಗಳನ್ನೂ, ಅಂಕಿಗಳನ್ನೂ ಅದೇ ಬಗೆಯಲ್ಲಿ ಬರೆದಿಡಿ ಎಂದು ಹೇಳಿ ಹೋದಳು. ಅವಳು ಬೀದಿ ದಾಟುವ ಮೊದಲೇ ಗಡಿಬಿಡಿ ಹಾಳೆಗಳನ್ನು ನನ್ನ ಮುಂದೆ ಇಟ್ಟ.

"ನಂಗೆ ಬರಲ್ಲ ಅಕ್ಕಾ. ನೀನೇ ಬರಿ. ಬರೆದೋಳು ನೀನೇ ಅಂತ ಅವಳಿಗೆ ಹೇಳ್ಬಿಡ್ತೀನಿ."

"ಹೇಳಿದ್ರೆ ನಿನ್ನ ಕಾಲು ಮುರೀತೀನಿ," ಎಂದೆ.

ನಾಲ್ಕು ದಿನ ಕೂತು ಬರೆದೆ. ಹಠಕ್ಕೆ ಬರೆದೆ. ಈ ಮೂರ್ಖರು ಎಲ್ಲಿಯವರೆಗೆ ಹೋಗುತ್ತಾರೆ ನೋಡೋಣ ಎಂದು. ಅವನ ಬಗ್ಗೆ ಹನ್ನೊಂದು ವರ್ಷ ನುಂಗಿಕೊಂಡದ್ದೆಲ್ಲ ಆ ಹಾಳೆಗಳ ಮೇಲೆ ಇಳಿಯಿತು. ಒಂದು ಅಕ್ಷರ ಓಡುತ್ತ ಎಡವಿದಂತಿತ್ತು, ಇನ್ನೊಂದು ಗುಂಡಿ ತಪ್ಪಿದ ಅಂಗಿಯಂತೆ ಒಂದು ಕಡೆ ಎತ್ತಿಕೊಂಡಿತ್ತು. ಸೊನ್ನೆ ಮಾತ್ರ ಸುಮ್ಮನೆ ಬಾಯಿ ತೆರೆದು ಕೂತಿತ್ತು, ಅವನು ಬೈಸಿಕೊಳ್ಳುವಾಗ ಕೂರುವ ಹಾಗೆ.

ಫಾಂಟು ಬಂತು. ಹೆಸರೂ ಗಡಿಬಿಡಿ ಎಂದೇ ಇಟ್ಟರು. ಜೊತೆಗೊಂದು ಪುಸ್ತಿಕೆ, ಅದರಲ್ಲಿ ಹಲಗೆಯ ಪಕ್ಕ ಹಲ್ಲು ಬಿಟ್ಟು ನಿಂತ ನನ್ನ ತಮ್ಮನ ಫೋಟೋ. "ಶೀರ್ಷಿಕೆಗೂ ಫಲಕಕ್ಕೂ ಮಾತ್ರ ಬಳಸಿ, ದೊಡ್ಡದಾಗಿ ಬಳಸಿ, ಸಣ್ಣ ಅಕ್ಷರದ ಓದಿಗೆ ಇದು ಆಗದು" ಎಂದು ಒಂದು ಕಡೆ ಬರೆದಿತ್ತು. ಅದೊಂದೇ ಅದರಲ್ಲಿದ್ದ ಬುದ್ಧಿಯ ಮಾತು. ಉಳಿದದ್ದು ಮುಗ್ಧತೆ, ಬದುಕಿನ ಲಯ, ಬೀದಿಯ ನಗು ಎಂಬ ಕಂತೆ ಪುರಾಣ. ನಗು ಯಾರದು ಎಂದು ಯಾರೂ ಕೇಳಲಿಲ್ಲ.

ಒಂದು ವರ್ಷದಲ್ಲಿ ನನಗೆ ಬೀದಿಯಲ್ಲಿ ತಲೆ ಎತ್ತಲು ಆಗದ ಹಾಗಾಯಿತು. ಮೊದಲು ಹಣ್ಣಿನ ರಸದ ಬಾಟಲಿ, ಮಕ್ಕಳ ಅಂಗಿ, ಬಿಸ್ಕತ್ತಿನ ಪೊಟ್ಟಣ. ಸರಿ, ಮಕ್ಕಳಾಟ ಎಂದು ಬಿಟ್ಟೆ. ಆಮೇಲೆ ಮದುವೆ ಕಾರ್ಡು, ವ್ಯಾಯಾಮದ ಶಾಲೆ, ನಾಯಿ ತಿನ್ನುವ ಬಿಸ್ಕತ್ತು. ಆಮೇಲೆ ಬ್ಯಾಂಕಿನವರು, "ನಿಮ್ಮ ಹಣ ನಮ್ಮಲ್ಲಿ ಭದ್ರ" ಎಂಬುದನ್ನು ನಿಂತಲ್ಲಿ ನಿಲ್ಲದ ಅಕ್ಷರಗಳಲ್ಲಿ ಹಾಕಿಸಿದರು. ಕೊನೆಗೆ ಶವಪೆಟ್ಟಿಗೆ ಮಾಡುವವನು ತನ್ನ ವ್ಯಾನಿನ ಎರಡೂ ಬದಿಗೆ ಅದನ್ನೇ ಅಂಟಿಸಿಕೊಂಡ. ಹೆಣ ಒಯ್ಯುವ ಗಾಡಿ ಕುಣಿಯುತ್ತ ಬಂದ ಹಾಗೆ ಕಾಣುತ್ತಿತ್ತು. ಈ ವಿನ್ಯಾಸಗಾರರು ಎಂಬ ಜಾತಿ ಕುರಿಮಂದೆಯ ಹಾಗೆ, ಒಂದು ಹಳ್ಳಕ್ಕೆ ಬಿದ್ದರೆ ಎಲ್ಲವೂ ಬೀಳುತ್ತವೆ. ಅವರು ಕಂಪ್ಯೂಟರಿನ ಮುಂದೆ ಕೂತು ಬೆರಳಲ್ಲಿ ಒತ್ತಿ ನನ್ನ ಸಿಟ್ಟನ್ನು ಊರತುಂಬ ಹಂಚಿದರು, ಅದಕ್ಕೆ ಖುಷಿ ಎಂದು ಹೆಸರಿಟ್ಟರು.

ಎರಡನೆಯ ವರ್ಷ ಕಂಪನಿಯವರು ಒಂದು ಸಮಾರಂಭ ಇಟ್ಟುಕೊಂಡರು. ಗಡಿಬಿಡಿ ಬರಬೇಕು, ಸಭೆಯ ಎದುರು ಗೋಡೆಯಷ್ಟು ದೊಡ್ಡ ಹಲಗೆಯ ಮೇಲೆ ತನ್ನ ಕೈಯಾರೆ ಬರೆದು ತೋರಿಸಬೇಕು. ಕಾಗದ ಓದಿದ ದಿನ ಅವನ ಮುಖ ಬಿಳಿಚಿಕೊಂಡಿತು. ಬರೆದರೆ ಎಲ್ಲ ಬಯಲಾಗುತ್ತದೆ. ಊರಲ್ಲಿ ಅವನಿಗೆ ಇದ್ದ ಸಣ್ಣ ಮರ್ಯಾದೆಯೂ ಹೋಗುತ್ತದೆ, ಮೋಸಗಾರ ಎಂಬ ಹೆಸರು ಬರುತ್ತದೆ. ಆ ಮೋಸವನ್ನು ಅವನ ತಲೆಗೆ ಕಟ್ಟಿದವಳು ನಾನು.

"ಕಲಿಸಿಕೊಡು ಅಕ್ಕಾ," ಎಂದ.

ಎಂಟು ದಿನ ಶೆಡ್ಡಿನಲ್ಲಿ ಅವನಿಗೆ ಪಾಠ ಮಾಡಿದೆ. ಇದಕ್ಕಿಂತ ನಗೆಪಾಟಲಿನ ಕೆಲಸ ಇನ್ನೊಂದಿಲ್ಲ. ಅವನ ಅಣಕವನ್ನು ಅವನಿಗೇ ಕಲಿಸುವುದು. ಹುಟ್ಟಾ ಸೊಟ್ಟ ಬರೆಯುವವನಿಗೆ ಸೊಟ್ಟ ಬರೆಯಲು ಬರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ದಾರ ಮಿಡಿದ, ಅಡಿಪಟ್ಟಿ ಹಿಡಿದ, ಡೊಂಕು ಎಷ್ಟು ಬೆರಳು ಎಂದು ಅಳೆದ. ಬಂದದ್ದು ಮಾತ್ರ ಸತ್ತ ಅಕ್ಷರ. ನಾನು ನಕ್ಕುಬಿಟ್ಟೆ. ಅವನೂ ನಕ್ಕ, ಕುಂಚವನ್ನು ಡಬ್ಬದ ಅಂಚಿಗೆ ಒರೆಸುತ್ತ ಹೇಳಿದ:

"ನೀನು ಆ ಬೀಗದ ಬೋರ್ಡು ಬರೆದ ದಿನ ನಾನು ರಾತ್ರಿ ಊಟ ಮಾಡ್ಲಿಲ್ಲ, ಗೊತ್ತಾ. ನಾನು ಕೆಲಸ ಬಿಟ್ಟು ಹೋಗಿದ್ದೆ, ನೀನು ನನ್ನ ಮಾನ ಹೋಗಬಾರದು ಅಂತ ನನ್ನ ಥರಾನೇ ಬರೆದಿಟ್ಟಿದ್ದೆ. ಆ ಹನಿ ಸಮೇತ. ನಾನು ಬರೆಯೋದನ್ನ ಅಷ್ಟು ಗಮನವಿಟ್ಟು ನೋಡಿದೋರು ಪ್ರಪಂಚದಲ್ಲಿ ನೀನೊಬ್ಬಳೇ ಅಕ್ಕಾ. ಬೈತಿದ್ರೂ ಒಳಗೆ ಇಷ್ಟ ಇತ್ತು ನಿಂಗೆ, ಅಂತ ಅವತ್ತು ಗೊತ್ತಾಯ್ತು."

ಇವನು ಮೂರು ವರ್ಷದಿಂದ ಇದನ್ನು ಎದೆಯಲ್ಲಿಟ್ಟುಕೊಂಡು ಓಡಾಡುತ್ತಿದ್ದಾನೆ. "ಮಾತು ಸಾಕು, ಕೈ ಆಡಿಸು," ಎಂದೆ.

ಸಮಾರಂಭದ ದಿನ ಸಭಾಂಗಣ ತುಂಬಿತ್ತು. ನಾನು ಎರಡನೆಯ ಸಾಲಿನಲ್ಲಿ ಕೂತಿದ್ದೆ. ಗಡಿಬಿಡಿ ಏಣಿ ಹತ್ತಿದ, ನಾನು ಕಲಿಸಿದ್ದೆಲ್ಲ ಅಲ್ಲೇ ಮರೆತ, ಎಡತುದಿಯಿಂದ ತನ್ನ ಹಳೆಯ ಕ್ರಮದಲ್ಲೇ ಶುರು ಮಾಡಿದ. ಮುಕ್ಕಾಲು ಭಾಗಕ್ಕೆ ಜಾಗ ಮುಗಿಯಿತು. ಕೊನೆಯ ಅಕ್ಷರ ಮೂಲೆಗೆ ಸಿಕ್ಕಿ ಹಪ್ಪಳವಾಯಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಫಾಂಟನ್ನು ಹಗಲೂ ರಾತ್ರಿ ಬಳಸುವ ಈ ಪಂಡಿತರಿಗೆ ಎರಡಕ್ಕೂ ಇದ್ದ ವ್ಯತ್ಯಾಸ ಕಾಣಲಿಲ್ಲ. ಕನ್ನಡಕದ ಹುಡುಗಿಗೆ ಮಾತ್ರ ಕಂಡಿತು, ಅವಳು ಹಿಂತಿರುಗಿ ನನ್ನನ್ನು ನೋಡಿದಳು.

ಅಲ್ಲಿಗೆ ಮುಗಿಯಬಹುದಿತ್ತು. ಮರ್ಯಾದೆ ಉಳಿದಿತ್ತು. ಆದರೆ ಅವನು ಕೆಳಗಿಳಿದವನೇ ಮೈಕು ತೆಗೆದುಕೊಂಡ.

"ಇದು ನನ್ನ ಅಕ್ಷರ. ನೀವು ಕಂಪ್ಯೂಟರಲ್ಲಿ ಇಟ್ಕೊಂಡಿರೋದು ನಮ್ಮ ಅಕ್ಕಂದು. ನಾನು ಕೆಲಸ ತಪ್ಪಿಸಿದ ದಿನ, ನನ್ನ ಮಾನ ಉಳಿಸೋಕೆ ಅಂತ ಅವಳು ನನ್ನ ಥರ ಬರೆದಳು. ಹೆಸರು ಬೇಡ ಅಂದಳು. ಇಷ್ಟು ದಿನ ಸುಮ್ಮನಿದ್ದೆ, ತಪ್ಪಾಯ್ತು."

ಎಲ್ಲರೂ ನನ್ನ ಕಡೆ ತಿರುಗಿದರು. ಯಾರೋ ಕೈ ಹಿಡಿದು ವೇದಿಕೆಗೆ ಹತ್ತಿಸಿದರು. ಮೈಕು ನನ್ನ ಬಾಯಿಯ ಮುಂದೆ ಬಂತು. ತಮ್ಮ ಪಕ್ಕದಲ್ಲಿ ನಿಂತಿದ್ದ, ಕಣ್ಣು ಒದ್ದೆಯಾಗಿತ್ತು. ಹೌದು ಎಂದು ತಲೆಯಾಡಿಸಿದ್ದರೆ ಸಾಕಿತ್ತು. ನನ್ನಿಂದ ಆಗಲಿಲ್ಲ. ಮಾಡದ ಉಪಕಾರಕ್ಕೆ ಚಪ್ಪಾಳೆ ತೆಗೆದುಕೊಳ್ಳುವವಳು ನಾನಲ್ಲ ಎಂಬ ಅದೇ ಹಾಳು ಜಂಬ ಬಾಯಿ ತೆರೆಸಿತು.

"ಮಾನ ಉಳಿಸೋಕಲ್ಲ, ಕಳೆಯೋಕೆ," ಎಂದೆ. "ಇವನ ಅಕ್ಷರ ಎಷ್ಟು ಕೆಟ್ಟದು ಅಂತ ತೋರಿಸೋಕೆ ಅಣಕಿಸಿ ಬರೆದೆ. ಒಂದೊಂದೂ ಅಣಕವೇ. ನೀವು ಅದನ್ನೇ ಚೆಂದ ಅಂದ್ರಿ."

ಸಭೆಗೆ ಸಭೆಯೇ ಗೊಳ್ಳೆಂದು ನಕ್ಕಿತು. ಎಂಥ ಅಕ್ಕ, ಎಂಥ ಹಾಸ್ಯ ಎಂದು ಮತ್ತೆ ಚಪ್ಪಾಳೆ. ನಾನು ಬೈದದ್ದು ಅವರನ್ನೂ ಎಂಬುದು ಒಬ್ಬನಿಗೂ ಹೊಳೆಯಲಿಲ್ಲ. ಗಡಿಬಿಡಿಯೂ ನಕ್ಕ, ಎಲ್ಲರಿಗಿಂತ ಸ್ವಲ್ಪ ತಡವಾಗಿ. ಆಮೇಲೆ ತಿರುಗಿ, ತಾನು ಈಗಷ್ಟೇ ಬರೆದ ಹಲಗೆಯನ್ನು ಬಹಳ ಹೊತ್ತು ನೋಡಿದ. ಅವನು ಯಾವುದನ್ನಾದರೂ ಅಷ್ಟು ಹೊತ್ತು ನೋಡಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಕಂಪನಿಯವರು ಪುಸ್ತಿಕೆಯನ್ನು ಹೊಸದಾಗಿ ಅಚ್ಚು ಹಾಕಿಸಿದರು. ಈಗ ಅದರಲ್ಲಿ ನನ್ನ ಫೋಟೋ, ನನ್ನ ಮಾತು. ಫಾಂಟು ಮೊದಲಿಗಿಂತ ಹೆಚ್ಚು ಓಡುತ್ತಿದೆ. ಕೈಯಲ್ಲೇ ಬರೆದ ಗಡಿಬಿಡಿ ಬೋರ್ಡು ಬೇಕೆಂದು ಜನ ದೂರದಿಂದ ನಮ್ಮ ಶೆಡ್ಡು ಹುಡುಕಿಕೊಂಡು ಬರುತ್ತಾರೆ. ನಾನು ಸುಳ್ಳು ಹೇಳಲಿಲ್ಲವೆಂದು ಎಲ್ಲರೂ ಹೊಗಳಿದರು. ಗಂಡನ ಮನೆ ಬಿಟ್ಟು ಬಂದಾಗಲೂ ನನ್ನನ್ನು ನಾನೇ ಹೀಗೆ ಹೊಗಳಿಕೊಂಡಿದ್ದೆ.

ಸಮಾರಂಭದ ಮರುದಿನ ಬೆಳಿಗ್ಗೆ ಶೆಡ್ಡಿಗೆ ಹೋದಾಗ ಹಲಗೆ ಉಜ್ಜಿ, ಒರೆಸಿ, ನಿಲ್ಲಿಸಿತ್ತು. ಬಣ್ಣ ಕಲಸಿತ್ತು. "ಅಕ್ಕಾ, ರೆಡಿ ಇದೆ," ಎಂದ.

"ನೀನೇ ಬರಿ. ನಿನ್ನ ಕೆಲಸ ಅದು."

"ಬೇಡ ಬಿಡು. ಕೆಟ್ಟದಾಗಿರುತ್ತೆ," ಎಂದ. ಸಿಟ್ಟಿನಲ್ಲಿ ಹೇಳಿದ್ದರೆ ನಾನೂ ಎರಡು ಮಾತು ಆಡಿ ಹಗುರಾಗುತ್ತಿದ್ದೆ. ಹೊರಗೆ ಬಿಸಿಲಿದೆ ಎನ್ನುವಂತೆ ಹೇಳಿದ.

ಎಂಟು ತಿಂಗಳಾಯಿತು. ಅವನು ಕುಂಚ ಹಿಡಿದಿಲ್ಲ. ಹಲಗೆ ಉಜ್ಜುತ್ತಾನೆ, ಡಬ್ಬದ ಅಂಚು ಒರೆಸಿಡುತ್ತಾನೆ, ಹೇಳಿದ ಹೊತ್ತಿಗೆ ಹೇಳಿದ ಕಡೆ ಇರುತ್ತಾನೆ. ಒಂದು ಹನಿಯನ್ನೂ ಚೆಲ್ಲುವುದಿಲ್ಲ. ಅವನಿಗೆ ಬೈಯಲು ನನಗೆ ಏನೂ ಸಿಗುತ್ತಿಲ್ಲ.

ಇವತ್ತು ಒಬ್ಬ ಹಣ್ಣಿನ ಅಂಗಡಿಯವನ ಗೋಡೆಗೆ ಬರೆಯುವುದಿತ್ತು. ನಾನು ಏಣಿ ಹತ್ತಿದೆ, ಅವನು ಕೆಳಗೆ ಹಿಡಿದುಕೊಂಡ. ಅರ್ಧ ಬರೆದ ಮೇಲೆ ಕೈ ನಿಂತಿತು. ಎಷ್ಟು ಡೊಂಕು ಮಾಡಿದರೂ ಅದು ನನ್ನ ಅಕ್ಷರವಾಗಿಯೇ ಕಾಣುತ್ತಿತ್ತು.

"ಇದನ್ನ ನೀನು ಹೇಗೆ ಬರೀತಿದ್ದೆ?" ಎಂದು ಕೆಳಗೆ ನೋಡಿ ಕೇಳಿದೆ.

"ನೆನಪಿಲ್ಲ ಅಕ್ಕಾ," ಎಂದ. "ನೀನು ಬರಿ, ಬೀಳದ ಹಾಗೆ ಹಿಡ್ಕೊಂಡಿದೀನಿ."